ಎರಡು ಮಿಷನ್, ಒಂದು ಕರ್ನಲ್

ಕಂಪ್ಯೂಟರ್ ಅಂದರೆ ಒಂದಿಷ್ಟೂ ತಪ್ಪದೆ ಲೆಕ್ಕ ಮಾಡುವ ಸಾಮಾನು ಅಂತ ಜನ ನಂಬುತ್ತಾರೆ. ಆದರೆ ಅದರ ಸುತ್ತ ನಿಂತವರು ನಾವೇ ಆದ್ದರಿಂದ ನಗೆಗೆ ಎಂದೂ ಬರ ಬೀಳಲಿಲ್ಲ. ಎಂಬತ್ತರ ದಶಕದ ಕೊನೆಯಲ್ಲಿ ಬಾಗಲಕೋಟೆಯ ಒಂದು ಕಾಲೇಜಿನ ಕಂಪ್ಯೂಟರ್ ಕೋಣೆಯಲ್ಲಿ ನಾನು ಹಂಗಾಮಿ ನೌಕರ. ನೌಕರಿ ಕಾಯಂ ಆಗದಿದ್ದರೆ ಹೆಣ್ಣು ಕೊಡುವುದಿಲ್ಲ ಅಂತ ಕಲಾದಗಿಯ ಬೀಗರು ಖಡಾಖಂಡಿತ ಹೇಳಿಬಿಟ್ಟಿದ್ದರು.

೧. ಹಿಟ್ಟು ಮತ್ತು ರೊಟ್ಟಿ

ಅಗ್ಗಕ್ಕೆ ಸಿಕ್ಕಿತೆಂದು ನಮ್ಮ ವಿಭಾಗದ ಮುಖ್ಯಸ್ಥರು ಎರಡನೆಯ ಮಿಷನ್ ತರಿಸಿದರು. ಅದರ ಪ್ರೊಸೆಸರ್ ಬೇರೆ ಜಾತಿಯದು. ಕರ್ನಲ್, ಅಂದರೆ ಇಡೀ ಮಿಷನ್ನನ್ನು ಆಳುವ ಮೂಲ ಪ್ರೋಗ್ರಾಂ, ಅದಕ್ಕೆ ಹೊಸದಾಗಿಯೇ ಕಟ್ಟಬೇಕು.

"ಹಳೇ ಮಿಷನ್ನಿಂದ ಕಾಪಿ ಹೊಡೀರಿ," ಅಂದರು.

"ಬರೂದಿಲ್ರಿ ಸರ. ಪ್ರೊಸೆಸರ್ ಬ್ಯಾರೆ ಐತ್ರಿ."

"ಬಾಗಲಕೋಟಿ ಗಿರಣ್ಯಾಗ ಬೀಸಿದ ಹಿಟ್ಟಿಗೆ ಬದಾಮಿ ಒಲಿ ಒಲ್ಲೆ ಅಂತೈತೇನು?"

"ಹಿಟ್ಟು ಅದೇ ಇರ್ತೈತ್ರಿ. ರೊಟ್ಟಿ ಮಾತ್ರ ಆ ಹಂಚಿನ ಮ್ಯಾಲೇ ಬೇಯಿಸಬೇಕ್ರಿ."

ಅವರು ಕೈಗಡಿಯಾರ ನೋಡಿಕೊಂಡರು. "ಹಂಗಾರ ಲಗೂ ಬಡೀರಿ. ಊಟದ ಹೊತ್ತಿಗೆ ಆಗ್ಬೇಕು."

ಹಿಟ್ಟು ಕಲಸುವುದರೊಳಗೇ ಮಳೆಗಾಲ ಮುಗಿಯಿತು.

೨. ತಕರಾರಿನ ಸಾಲುಗಳು

ಕರ್ನಲ್ ಕಟ್ಟಲು ಹಚ್ಚಿದಾಗೊಮ್ಮೆ ಮಿಷನ್ ನಾವು ಬರೆದ ಸಾಲುಗಳ ತಪ್ಪುಗಳನ್ನು ಎತ್ತಿ ಆಡುತ್ತಿತ್ತು. ನನ್ನ ಜೋಡಿ ಕೆಲಸಕ್ಕಿದ್ದ ಗೆಳೆಯ ಹುನಗುಂದದವನು. ಅವನ ಮನೆತನ ಓಣಿಯ ಜಗಳ ಬಗೆಹರಿಸುವುದರಲ್ಲಿ ಹೆಸರುವಾಸಿ. ಒಂದು ದಿನ ನಾನು ಚಹಾ ಕುಡಿದು ಬರುವಷ್ಟರಲ್ಲಿ ಒಂದೂ ತಪ್ಪಿಲ್ಲದೆ ಕರ್ನಲ್ ತಯಾರಾಗಿತ್ತು.

"ಏನ್ ಮಾಡಿದಿ ಲೇ?"

"ತಕರಾರು ಮಾಡೋ ಸಾಲೆಲ್ಲಾ ಹೊರಗ ಹಾಕಿದೆ. ಈಗ ನೋಡು, ಎಲ್ಲಾ ಗಪ್ಪ."

ಚಾಲೂ ಮಾಡಿದೆವು. ಮಿಷನ್ ಮರ್ಯಾದೆಯಿಂದ ನಮ್ಮ ಹೆಸರು ಕೇಳಿತು. ಹೆಸರು ಹೊಡೆದರೆ ಒಂದಕ್ಷರವೂ ಒಳಗೆ ಹೋಗಲಿಲ್ಲ. ಎಲ್ಲಕ್ಕಿಂತ ಹೆಚ್ಚು ತಕರಾರು ಮಾಡಿದ್ದು ಕೀಬೋರ್ಡ್ ನಡೆಸುವ ಸಾಲುಗಳೇ; ಅವನ್ನೂ ಅವನು ಹೊರಗೆ ಹಾಕಿದ್ದ.

ಗೆಳೆಯ ಸೋಲೊಪ್ಪಲಿಲ್ಲ. "ಭಾಳ ಛಲೋ ಆತು. ಇನ್ನ ಯಾವ ಹುಡುಗೂರೂ ಇದನ್ನ ಕೆಡಸಂಗಿಲ್ಲ."

೩. ಖಂಡೆ ಪೂಜೆ

ಹೊಸ ಮಿಷನ್ನಿನ ಉದ್ಘಾಟನೆಗೆ ಕಾಲೇಜಿನ ಆಡಳಿತ ಮಂಡಳಿಯ ಚೇರ್ಮನ್ನರು ಖಂಡೆ ಪೂಜೆಯ, ಅಂದರೆ ಆಯುಧಪೂಜೆಯ, ದಿನವನ್ನೇ ಗೊತ್ತು ಮಾಡಿದರು. ಅವರು ಇಳಕಲ್ಲಿನ ನೇಕಾರ ಮನೆತನದ ಹಿರಿಯರು. ಅವರ ಮನೆಯಲ್ಲಿ ಆ ದಿನ ಪೂಜೆಯಾಯಿತೆಂದರೆ ಮಗ್ಗಕ್ಕೆ ಯಾರೂ ಕೈ ಹಚ್ಚುವುದಿಲ್ಲ. ನನ್ನನ್ನು ಕಾಯಂ ಮಾಡುವುದೋ ಬಿಡುವುದೋ ಅನ್ನುವುದೂ ಅಂದೇ ತೀರ್ಮಾನ.

ಹೊರಗೆ ಹಾಕಿದ ಸಾಲುಗಳನ್ನು ಮತ್ತೆ ಒಳಗೆ ಸೇರಿಸಿದ್ದರಿಂದ, ಹಿಂದಿನ ಸಂಜೆಯೂ ಕರ್ನಲ್ ಅರ್ಧಕ್ಕೇ ನಿಂತಿತು. ನಾನು ಮತ್ತೆ ಮೊದಲಿಂದ ಕಟ್ಟಲು ಹಚ್ಚಿದೆ. ಮುಖ್ಯಸ್ಥರು ಮಾತ್ರ ತಲೆ ಓಡಿಸಿ, ಹೊಸ ಮಿಷನ್ನಿನ ಮೇಲಿದ್ದ ಪರದೆಯ ವೈರನ್ನು ಸದ್ದಿಲ್ಲದೆ ಹಳೆಯದಕ್ಕೆ ಹಚ್ಚಿಸಿದರು. ದುಡಿಯುವುದು ಹಳೆಯದು, ಮೆರೆಯುವುದು ಹೊಸದು.

ಮರುದಿನ ಚೇರ್ಮನ್ನರು ಬಂದರು. ಪರದೆಯ ಮೇಲೆ ಅವರ ಹೆಸರು ಮೂಡಿದ್ದು ಕಂಡು ಹಿಗ್ಗಿದರು. ಕೋಣೆ ಕಾಯುವ ನಮ್ಮ ಸಿಪಾಯಿ ಎರಡೂ ಮಿಷನ್ನಿಗೆ ವಿಭೂತಿ ಹಚ್ಚಿ, ಹೂವೇರಿಸಿ, ಕಾಯಿ ಒಡೆದ.

"ಹೊಸಾದು ಇಷ್ಟು ಛಲೋ ನಡಿಯಾಕತ್ತೈತಿ. ಹಳೇದನ್ನ ಬದಾಮಿ ಹೈಸ್ಕೂಲಿಗೆ ಕೊಡೂನು," ಅಂದರು ಚೇರ್ಮನ್ನರು. "ಬಂದ್ ಮಾಡಪಾ ಅದನ್ನ."

ಸಿಪಾಯಿ ಯಾರ ಮಾತನ್ನೂ ಮೀರುವವನಲ್ಲ. ಹಳೆಯದರ ಬಟನ್ ಒತ್ತಿಬಿಟ್ಟ. ಹೊಸದರ ಪರದೆಯೂ ಕಪ್ಪಾಯಿತು.

ಮುಖ್ಯಸ್ಥರು ಫ್ಯಾನ್ ನೋಡತೊಡಗಿದರು. ನನ್ನ ಕಣ್ಣ ಮುಂದೆ ಕಲಾದಗಿಯ ಬಾಗಿಲು ಮುಚ್ಚಿತು.

"ಇದ್ಯಾಕ ಹೋತು?" ಅಂದರು ಚೇರ್ಮನ್ನರು.

ಸಿಪಾಯಿ ಕೈಮುಗಿದ. "ಖಂಡೆ ಪೂಜಿ ಅಲ್ರಿ ಯಜಮಾನ್ರ. ಪೂಜಿ ಆತು, ಹಿರೇದು ಕೆಲಸಾ ಬಿಟ್ಟು ಕುಂತಿತು. ಹಿರೇದು ಕುಂತ ಮ್ಯಾಲ ಕಿರೇದು ಹೆಂಗ ದುಡೀತೈತ್ರಿ?"

ಚೇರ್ಮನ್ನರ ಕಣ್ಣುಗಳು ಒದ್ದೆಯಾದವು. "ನಮ್ಮನಿ ಹುಡುಗೂರಿಗೂ ಇಷ್ಟು ರೀತಿ-ರಿವಾಜು ಇಲ್ಲ. ಇದಕ್ಕ ಕಲಿಸಿದವರು ಯಾರು?"

ಎಲ್ಲರೂ ನನ್ನ ಕಡೆ ಬೆರಳು ತೋರಿಸಿದರು. ನಿಂತ ಕಾಲಿನಲ್ಲೇ ನನ್ನ ನೌಕರಿ ಕಾಯಂ ಆಯಿತು.

ಹೊರಗೆ ಪ್ರಸಾದದ ಕಾಯಿಚೂರು ಕೊಡುತ್ತ ಸಿಪಾಯಿ ನನ್ನ ಕಿವಿಯಲ್ಲಿ ಅಂದ, "ಮೊದಲ ಲಗ್ನ ಮುಗಿಸ್ರಿ ಸಾಹೇಬ್ರ. ಮಿಷನ್ ಏಳೂವಾಗ ಏಳ್ತೈತಿ."