ಎರಡೂ ದಂಡೆಗೆ ಸಲ್ಲುವ ಪರವಾನಗಿ

ಅಮೆರಿಕದ ಎರಡು ರಾಜ್ಯಗಳ ನಡುವೆ ಹರಿಯುವ ನದಿಗೆ ಕಟ್ಟಿದ ಹ್ಯಾಡ್ಲಿ ಸೇತುವೆಯ ಉದ್ದ ಆರುನೂರ ಹನ್ನೆರಡು ಗಜ. ಅದರ ಪಡುವಣ ತುದಿಯಲ್ಲಿ ಕೋಟಿನೊಳಗೆ ಪಿಸ್ತೂಲು ಮರೆಮಾಡಿಕೊಂಡು ನಡೆಯುವವನು ಪರವಾನಗಿ ಪಡೆದ ಗೌರವಾನ್ವಿತ ನಾಗರಿಕ. ಮೂಡಣ ತುದಿ ಮುಟ್ಟಿದನೆಂದರೆ ಅವನೇ, ಅದೇ ಕೋಟಿನಲ್ಲಿ, ಐದು ವರ್ಷದ ಸೆರೆವಾಸಕ್ಕೆ ತಕ್ಕ ಅಪರಾಧಿ. ಸೇತುವೆಯ ನಟ್ಟನಡುವೆ ಅವನು ಯಾರು ಎಂಬ ವಿಷಯ ಹನ್ನೊಂದು ವರ್ಷಗಳಿಂದ ಎರಡೂ ರಾಜ್ಯಗಳ ಪರಿಶೀಲನೆಯಲ್ಲಿದೆ. ವಾಷಿಂಗ್ಟನ್ನಿನ ಕೇಂದ್ರ ಸರ್ಕಾರದವರು ಇದು ರಾಜ್ಯಗಳಿಗೆ ಬಿಟ್ಟ ಮಾತು ಎಂದು ಸುಮ್ಮನಿದ್ದಾರೆ.

ಜಗಳದ ಮೂಲ ಸರಳ. ಪಡುವಣ ರಾಜ್ಯದಲ್ಲಿ ಪರವಾನಗಿ ಬೇಕಾದವರು ನಲವತ್ತು ನಿಮಿಷದ ಒಂದು ವಿಡಿಯೊ ನೋಡಿ, ಅದು ಮುಗಿಯುವಾಗ ಎಚ್ಚರವಾಗಿದ್ದರೆ ಸಾಕು. ಮೂಡಣದಲ್ಲಿ ಹದಿನಾರು ಗಂಟೆಯ ತರಬೇತಿ, ಹತ್ತು ಬೆರಳಿನ ಗುರುತು, ಮೂವರು ನೆರೆಯವರ ಪತ್ರ. ಆದ್ದರಿಂದ ಮೂಡಣದವರು ಪಡುವಣದ ಪರವಾನಗಿಯನ್ನು ರದ್ದಿ ಕಾಗದ ಎನ್ನುತ್ತಿದ್ದರು. ಮೂಡಣದ ಪರವಾನಗಿ ಸರ್ಕಾರದ ಕಾಲಿಗೆ ಬಿದ್ದು ತಂದದ್ದು ಎಂದು ಪಡುವಣದವರು ಹೇಳುತ್ತಿದ್ದರು.

ಕೆಲವು ವರ್ಷಗಳ ಹಿಂದೆ, ಮಾರ್ಚ್‌ನಲ್ಲಿ, ಪಡುವಣದ ಶಾಸನಸಭೆ ‘ಪರಸ್ಪರ ಮರ್ಯಾದೆ ಕಾಯಿದೆ’ಯನ್ನು ಅಂಗೀಕರಿಸಿತು. ಅದರ ನಾಲ್ಕನೇ ಕಲಂ: “ಮರೆಯಾಗಿ ಶಸ್ತ್ರ ಒಯ್ಯುವ ನಮ್ಮ ಪರವಾನಗಿಯನ್ನು ಮಾನ್ಯ ಮಾಡದ ಯಾವುದೇ ರಾಜ್ಯದ ಯಾವುದೇ ಕಾಗದಪತ್ರವನ್ನು, ಅದು ಯಾವ ಸ್ವರೂಪದ್ದೇ ಇರಲಿ, ಈ ರಾಜ್ಯದೊಳಗೆ ಮಾನ್ಯ ಮಾಡತಕ್ಕದ್ದಲ್ಲ.” ಮಂಡಿಸಿದವರು ಸೆನೆಟರ್ ಥ್ಯಾಡ್ ಬ್ರಾಕ್‌ವೇ. ಚಪ್ಪಾಳೆ ಒಂಬತ್ತು ನಿಮಿಷ ನಡೆಯಿತೆಂದು ಕಡತದಲ್ಲಿದೆ.

ಇದಾಗಿ ಆರು ವಾರಕ್ಕೆ ಪಡುವಣ ದಂಡೆಯ ಹ್ಯಾಡ್ಲಿ ಊರಿನ ವೆಂಡೆಲ್ ಕ್ರುಪ್ಕೆ ಎಂಬ ನಿವೃತ್ತ ನಲ್ಲಿ ರಿಪೇರಿಯವರು, ವಯಸ್ಸು ಎಪ್ಪತ್ತೊಂದು, ಮೂಡಣ ದಂಡೆಯ ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಬಾಯಿ ತೆರೆದವರು ಮತ್ತೆ ಮುಚ್ಚಲಿಲ್ಲ. ಹೃದಯಾಘಾತ. ಅವರಿಗೆ ಪರವಾನಗಿ ಇತ್ತು. ಆದರೆ ಪಿಸ್ತೂಲು ಆ ಹೊತ್ತಿಗೆ ಮನೆಯ ಅಡುಗೆಮನೆ ಡ್ರಾಯರಿನಲ್ಲಿ ಚಮಚಗಳ ಜೊತೆಗಿತ್ತು. ಸೇತುವೆ ದಾಟುವಾಗಲೆಲ್ಲ ಅದನ್ನು ಅಲ್ಲಿಟ್ಟೇ ಹೋಗುತ್ತಿದ್ದರು. ಕಾನೂನು ಮೀರಿದ ಮನುಷ್ಯರಲ್ಲ.

ಹೆಂಡತಿ ಹಿಲ್ಡಾ ಮೂವತ್ತು ವರ್ಷ ಶಾಲೆಯ ಮಕ್ಕಳಿಗೆ ಊಟ ಬಡಿಸಿದವಳು. ಸಾಲಿನಲ್ಲಿ ನಿಲ್ಲುವುದು, ನಿಲ್ಲಿಸುವುದು ಎರಡೂ ಗೊತ್ತು. ಮೂಡಣದ ಆಸ್ಪತ್ರೆಯವರು ಕೊಟ್ಟ ಮರಣ ಪ್ರಮಾಣಪತ್ರ ಹಿಡಿದು ತನ್ನೂರಿನ ಕೌಂಟಿ ಕಚೇರಿಯ ಸಾಲಿನಲ್ಲಿ ನಿಂತಳು. ಕಿಟಕಿಯ ಆಚೆ ಕೂತಿದ್ದವಳು ಮಾರ್ವೆಟ್ ಡೂಲಿ, ಚರ್ಚಿನ ಹಾಡಿನ ತಂಡದಲ್ಲಿ ಹಿಲ್ಡಾಳ ಪಕ್ಕ ನಿಂತು ಹಾಡುವವಳು. ಎದ್ದು ಬಂದು ಗೆಳತಿಯನ್ನು ತಬ್ಬಿಕೊಂಡು ಅತ್ತಳು. ಆಮೇಲೆ ಕುರ್ಚಿಗೆ ಹೋಗಿ ಕೂತು ಕನ್ನಡಕ ಹಾಕಿಕೊಂಡಳು.

“ಹಿಲ್ಡಾ, ಇದು ನಡೆಯಲ್ಲ ಕಣೇ. ಮೂಡಣದ ಕಾಗದ.”

“ಅವರು ಸತ್ತಿದ್ದೇ ಅಲ್ಲಿ. ಇನ್ನೆಲ್ಲಿಂದ ತರ್ಲಿ?”

“ಅದೇ ನೋಡು ತೊಂದ್ರೆ. ಇಲ್ಲಿ ಸತ್ತಿದ್ರೆ ಐದು ನಿಮಿಷದ ಕೆಲ್ಸ.”

“ಹಂಗಾದ್ರೆ ವೆಂಡೆಲ್ ಈಗ ಏನು?”

ಮಾರ್ವೆಟ್ ಕಂಪ್ಯೂಟರಿನತ್ತ ನೋಡಿದಳು. “ಬದುಕಿದಾರೆ,” ಅಂದಳು. “ಪರವಾನಗಿ ಮಾತ್ರ ಸೆಪ್ಟೆಂಬರಿಗೆ ಮುಗಿಯುತ್ತೆ. ನೆನಪು ಮಾಡು.”

ಊರಿನ ಶವಸಂಸ್ಕಾರದವನು ಲೈಲ್ ಟ್ವೆಟ್ ಟೋಪಿ ಕೈಯಲ್ಲಿ ಹಿಡಿದು ತಲೆ ತಗ್ಗಿಸಿದ. “ಸತ್ತವರನ್ನ ಹೂಳೋಕೆ ನಂಗೆ ಲೈಸೆನ್ಸ್ ಇದೆ. ಬದುಕಿರೋರನ್ನ ಹೂತ್ರೆ ಅದಕ್ಕೆ ಬೇರೆ ಹೆಸರು. ನನ್ನ ಕೋಲ್ಡ್ ರೂಮಲ್ಲಿ ಅತಿಥಿ ಅಂತ ಇಟ್ಕೋಬಹುದು, ಅಷ್ಟೇ.”

ಅತಿಥಿಯನ್ನು ಕರೆತರಬೇಕಲ್ಲ. ಮೂಡಣದಲ್ಲಿ ವೆಂಡೆಲ್ ಸತ್ತವರು, ಆದ್ದರಿಂದ ಮಲಗಿಯೇ ಹೋಗಬೇಕು. ಪಡುವಣದಲ್ಲಿ ಬದುಕಿರುವವರು, ಆದ್ದರಿಂದ ಸೀಟ್ ಬೆಲ್ಟ್ ಕಡ್ಡಾಯ. ಸೇತುವೆಯ ನಡುವೆ, ಎರಡೂ ಕಡೆಯ ಪೊಲೀಸರು ಸಂಚಾರ ತಡೆದು ನಿಂತಿರಲು, ಅವರನ್ನು ಶವದ ಗಾಡಿಯಿಂದ ಇಳಿಸಿ ಹಿಲ್ಡಾಳ ಹಳೆಯ ಕಾರಿನ ಮುಂದಿನ ಸೀಟಿಗೆ ಕೂರಿಸಲಾಯಿತು. ಪಡುವಣ ತುದಿಯಲ್ಲಿ ಷೆರಿಫನ ಸಹಾಯಕ ಬಾಗಿ ನೋಡಿ, ಬೆಲ್ಟನ್ನು ಎಳೆದು ಪರೀಕ್ಷಿಸಿ, “ಮನೆಗೆ ಬಂದ್ರಲ್ಲ, ಸಂತೋಷ ಮಿಸ್ಟರ್ ಕ್ರುಪ್ಕೆ,” ಎಂದು ದಾರಿ ಬಿಟ್ಟ. ಹಿಲ್ಡಾ ನಿಧಾನವಾಗಿ ಗಾಡಿ ಓಡಿಸಿದಳು. ನಲವತ್ತಾರು ವರ್ಷದ ಸಂಸಾರದಲ್ಲಿ ಆಕೆ ಗೇರ್ ಹಾಕುವ ರೀತಿಯನ್ನು ವೆಂಡೆಲ್ ಟೀಕಿಸದೆ ಕೂತದ್ದು ಅದೇ ಮೊದಲು. ಪೋಸ್ಟ್ ಆಫೀಸಿನ ತಿರುವಿನಲ್ಲಿ ಅವಳಿಗೆ ಅದನ್ನು ತಡೆಯಲಾಗಲಿಲ್ಲ; ಗಾಡಿ ನಿಲ್ಲಿಸಿ ಸ್ವಲ್ಪ ಹೊತ್ತು ಅತ್ತಳು.

ವಾರದೊಳಗೆ ಸೆನೆಟರ್ ಬ್ರಾಕ್‌ವೇ ಖುದ್ದಾಗಿ ಬಂದರು. ಸಾವಿನ ಮನೆಗೆ ಬರುವವರ ಹಾಗೆ ಕೈಯಲ್ಲಿ ಕೋಳಿ ಮತ್ತು ಅನ್ನದ ಕ್ಯಾಸರೋಲ್ ಇತ್ತು.

“ಮೇಡಂ, ಮೂಡಣದವರು ನಿಮ್ಮ ಯಜಮಾನರನ್ನ ಸತ್ತವರು ಅಂತ ಘೋಷಿಸಿದಾರೆ. ನಾವಿದನ್ನ ಯಾವತ್ತೂ ಒಪ್ಪಲ್ಲ.”

“ಸೆನೆಟರೇ, ನಾನೇ ಕಣ್ಣಾರೆ ನೋಡಿದೀನಿ. ಹೋಗ್ಬಿಟ್ಟಿದಾರೆ.”

“ದುಃಖದಲ್ಲಿದೀರಿ. ಅವರ ಪ್ರಚಾರ ನಂಬಬೇಡಿ,” ಎಂದು ಸೆನೆಟರು ಅವಳ ಕೈ ಅದುಮಿದರು.

ಮರುದಿನದಿಂದ ಪಡುವಣದ ಅಂಗಳ ಅಂಗಳದಲ್ಲೂ ಫಲಕ ಎದ್ದಿತು: ‘ವೆಂಡೆಲ್ ಬದುಕಿದ್ದಾರೆ.’ ಸೇತುವೆಯಾಚೆ ಅದಕ್ಕೆ ಉತ್ತರ: ‘ವೆಂಡೆಲ್ ಸತ್ತಿದ್ದಾರೆ. ಸತ್ಯ ಒಪ್ಪಿಕೊಳ್ಳಿ.’ ಒಂದು ಸಮೀಕ್ಷೆಯ ಪ್ರಕಾರ ಪಡುವಣದ ಮತದಾರರಲ್ಲಿ ನೂರಕ್ಕೆ ಐವತ್ತೆಂಟು ಮಂದಿ ಅವರು ಬದುಕಿದ್ದಾರೆಂದೂ, ಇಪ್ಪತ್ತೊಂಬತ್ತು ಮಂದಿ ಸತ್ತಿದ್ದಾರೆಂದೂ ನಂಬಿದ್ದರು. ಉಳಿದವರು ಚುನಾವಣೆ ಹತ್ತಿರ ಬಂದ ಮೇಲೆ ತೀರ್ಮಾನಿಸುವವರಿದ್ದರು.

ಆಗಸ್ಟಿನ ದೊಡ್ಡ ಸಭೆಯಲ್ಲಿ ಹಿಲ್ಡಾಳನ್ನು ವೇದಿಕೆಗೆ ಹತ್ತಿಸಿ ಮೈಕು ಕೊಟ್ಟರು.

“ನಾಲ್ಕು ತಿಂಗಳಾಯ್ತು,” ಅಂದಳು ಆಕೆ. “ಅವರನ್ನ ಮಣ್ಣು ಮಾಡೋಕೆ ಬಿಡಿ. ನಂಗೆ ಇನ್ನೇನೂ ಬೇಡ.”

ಬ್ರಾಕ್‌ವೇ ಮೈಕು ತೆಗೆದುಕೊಂಡು, “ಕೇಳಿದ್ರಾ ಜನರೇ! ಒಬ್ಬ ಹೆಣ್ಣುಮಗಳು ಸ್ವಂತ ಗಂಡನ್ನೇ ಜೀವಂತ ಹೂಳ್ತೀನಿ ಅನ್ನೋ ಮಟ್ಟಕ್ಕೆ ಮೂಡಣದವರು ತಂದಿಟ್ಟಿದಾರೆ!” ಎಂದು ಕೂಗಿದರು. ಜನ ಎದ್ದು ನಿಂತು ಅವಳಿಗಾಗಿ ಕಣ್ಣೀರು ಹಾಕಿದರು.

ಕೊನೆಗೆ ಎರಡೂ ರಾಜ್ಯಗಳ ಜಂಟಿ ಸಮಿತಿ ರಚನೆಯಾಯಿತು. ಹನ್ನೊಂದು ಬಾರಿ ಕೂತು, ಎರಡೂ ದಂಡೆಗೆ ಸಲ್ಲುವ ಪರವಾನಗಿಗೆ ಅರ್ಹತೆಗಳನ್ನು ಗೊತ್ತುಪಡಿಸಿತು. ಒಂದು ಕಡೆಯವರು ಒಂದು ಷರತ್ತು ಹಾಕಿದರೆ ಇನ್ನೊಂದು ಕಡೆಯವರು ಅದಕ್ಕಿಂತ ಗಟ್ಟಿಯಾದದ್ದನ್ನು ಹಾಕಿದರು. ಕಳೆದ ನೂರು ದಿನದಲ್ಲಿ ಒಂದು ತೊಟ್ಟು ಮದ್ಯ ಮುಟ್ಟಿರಬಾರದು. ಹೆಂಡತಿಯ ಮೇಲಾಗಲಿ ನೆರೆಯವರ ಮೇಲಾಗಲಿ ದನಿ ಎತ್ತಿರಬಾರದು. ರಾಜಕೀಯದ ಬಗ್ಗೆ ಅಭಿಪ್ರಾಯ ವ್ಯಕ್ತಪಡಿಸಿರಬಾರದು. ಶಸ್ತ್ರವನ್ನು ಕಂಡಾಗ ನಾಡಿಮಿಡಿತ ನಿಮಿಷಕ್ಕೆ ಅರವತ್ತನ್ನು ಮೀರತಕ್ಕದ್ದಲ್ಲ.

ಎರಡೂ ರಾಜ್ಯಗಳ ಏಳು ಲಕ್ಷ ಪರವಾನಗಿದಾರರ ಹೆಸರನ್ನು ಕಂಪ್ಯೂಟರಿಗೆ ಕೊಡಲಾಯಿತು. ಒಂದು ಹೆಸರು ಹೊರಬಂತು.

ಮೂಡಣದ ವಕೀಲರು ಅಭ್ಯರ್ಥಿ ಸತ್ತಿದ್ದಾರೆಂದು ಆಕ್ಷೇಪಿಸಿದರು. ನಿಯಮಗಳನ್ನು ತಿರುವಿ ನೋಡಿದಾಗ ಅಭ್ಯರ್ಥಿ ಬದುಕಿರಬೇಕೆಂದು ಎಲ್ಲೂ ಇರಲಿಲ್ಲ. ಕರಡಿನಲ್ಲಿ ಇತ್ತಂತೆ; ನಾಗರಿಕರ ಮೇಲೆ ಅನಗತ್ಯ ಹೊರೆ ಎಂದು ಪಡುವಣದವರು ಹೊಡೆದು ಹಾಕಿಸಿದ್ದರು. ವೆಂಡೆಲರ ಭಾವಚಿತ್ರವನ್ನು ಲೈಲನ ಕೋಲ್ಡ್ ರೂಮಿನಲ್ಲೇ ತೆಗೆಯಲಾಯಿತು. ಕನ್ನಡಕ ಇರಬಾರದೆಂಬ ನಿಯಮವಿತ್ತು, ತೆಗೆದರು. ಕಣ್ಣು ತೆರೆದಿರಬೇಕೆಂಬ ನಿಯಮವಿರಲಿಲ್ಲ.

ಕಾರ್ಡು ಕೈಗೆ ಬಂದ ದಿನ ಮಾರ್ವೆಟ್ ಕಿಟಕಿಯಿಂದ ಆಚೀಚೆ ನೋಡಿ ದನಿ ತಗ್ಗಿಸಿದಳು.

“ಹಿಲ್ಡಾ, ಈ ಹೊಸ ಪರವಾನಗಿ ಇರೋರು ಮನೆ ಬದಲಾಯಿಸಿದ್ರೆ ಮೂವತ್ತು ದಿನದಲ್ಲಿ ನಮಗೆ ತಿಳಿಸ್ಬೇಕು. ಎಲ್ಲಿಗೆ ಹೋಗಬಾರದು ಅಂತ ಫಾರಮ್ಮಲ್ಲಿ ಬರೆದಿಲ್ಲ ಕಣೇ. ಮೂರು ಸಲ ಓದಿ ನೋಡ್ದೆ.”

ಹಿಲ್ಡಾ ಫಾರಮ್ಮನ್ನು ತನ್ನತ್ತ ಎಳೆದುಕೊಂಡಳು. ಆಮೇಲೆ ಪೆನ್ನು ಕೇಳಿದಳು. ವಿಳಾಸ: ಲೂಥರನ್ ಚರ್ಚಿನ ಸ್ಮಶಾನ, ಪ್ಲಾಟ್ ನಲವತ್ತೊಂದು. ಮಹಡಿ: ಕೆಳಗಿನದು. ವಾಸದ ಅವಧಿ: ದೀರ್ಘ. ಸ್ಥಳಾಂತರದ ಕಾರಣ: ವಿಶ್ರಾಂತಿ. ಮಾರ್ವೆಟ್ ಮುದ್ರೆ ಒತ್ತಿದಳು. ಎರಡು ಸಲ ಒತ್ತಿದಳು, ಮಸುಕಾಗಬಾರದೆಂದು.

ಮಣ್ಣು ಮಾಡುವ ದಿನ ಪಾದ್ರಿಯವರು ಶವಸಂಸ್ಕಾರದ ಪ್ರಾರ್ಥನೆ ಓದುವಂತಿರಲಿಲ್ಲ, ಗೃಹಪ್ರವೇಶದ್ದನ್ನು ಓದಿದರು. ಅಳುವವರಿಗೆ ಅದೂ ಸಾಕಾಯಿತು. ಚರ್ಚಿನ ನೆಲಮಾಳಿಗೆಯಲ್ಲಿ ಹ್ಯಾಮ್ ಸ್ಯಾಂಡ್‌ವಿಚ್, ಆಲೂಗಡ್ಡೆ ಸಲಾಡ್. ಎರಡೂ ರಾಜ್ಯದ ಪ್ರತಿನಿಧಿಗಳು ಒಂದೇ ಮೇಜಿನಲ್ಲಿ ಕೂತು ಉಂಡು, ಹೊಸ ವ್ಯವಸ್ಥೆಯಡಿ ಪರವಾನಗಿ ಪಡೆದವರಿಂದ ಈವರೆಗೆ ಒಂದೇ ಒಂದು ಗುಂಡೂ ಹಾರಿಲ್ಲವೆಂಬ ಜಂಟಿ ಪ್ರಕಟಣೆ ಹೊರಡಿಸಿದರು. ಬೇರೆ ಎಂಟು ರಾಜ್ಯಗಳು ಇದೇ ಮಾದರಿಗೆ ಆಸಕ್ತಿ ತೋರಿದವು.

ಈಗ ಪ್ರತಿ ಸೆಪ್ಟೆಂಬರಿನಲ್ಲಿ ಷೆರಿಫನ ಸಹಾಯಕ ವಿಳಾಸ ತನಿಖೆಗೆ ಬರುತ್ತಾನೆ. ಸಮಾಧಿಯ ಕಲ್ಲಿನ ಮೇಲೆ ಹುಟ್ಟಿದ ದಿನಾಂಕವಿದೆ. ತೀರಿಕೊಂಡ ದಿನಾಂಕದ ಜಾಗ ಕಾನೂನಿನಂತೆ ಖಾಲಿ. ಆತ ಕಲ್ಲಿಗೆ ಮೂರು ಸಲ ತಟ್ಟಿ, ನಿಯಮದಲ್ಲಿರುವಂತೆ ಐದು ನಿಮಿಷ ಕಾದು, ಫಾರಮ್ಮಿನಲ್ಲಿ ‘ಅದೇ ವಿಳಾಸದಲ್ಲಿ ವಾಸ, ಶಾಂತ ಸ್ವಭಾವ’ ಎಂದು ಬರೆದುಕೊಳ್ಳುತ್ತಾನೆ. ಈ ವರ್ಷ ಹಿಲ್ಡಾ ಅಲ್ಲೇ ಹುಲ್ಲು ಕೀಳುತ್ತಿದ್ದಳು.

“ಏನಾದ್ರೂ ಹೇಳಿದ್ರಾ?” ಎಂದು ಕೇಳಿದಳು.

“ಇಲ್ಲ ಮೇಡಂ. ದೂರು ಏನೂ ಇಲ್ಲ.”

“ಇದ್ರೂ ಹೊರಗಿನವರ ಹತ್ರ ಹೇಳೋರಲ್ಲ ಬಿಡಿ,” ಅಂದಳು ಹಿಲ್ಡಾ. ಆತ ಪೆನ್ನು ಕೊಟ್ಟ. ‘ಪರವಾನಗಿದಾರರ ಪತ್ನಿ’ ಎಂಬಲ್ಲಿ ಅವಳು ಸಹಿ ಹಾಕಿದಳು.