ಒಂದೇ ಹಾಸಿಗೆಯ ಹಾಯಿದೋಣಿ

ಬಾಳಗೊಂಡನ ಅಂದಿನ ಫಜೀತಿಗೆಲ್ಲ ಮೂಲ ಒಂದು ಇಸ್ತ್ರಿ ಅಂಗಿ. ಮದುವೆಯಿಲ್ಲ, ಸೀಮಂತವಿಲ್ಲ, ಬರೀ ಒಂದು ಮಂಗಳವಾರ. ಅಂಥ ದಿನ ಹಗ್ಗ, ತಾಡಪತ್ರಿ ಮಾರುವ ಮನುಷ್ಯ ಗರಿಗರಿ ಬಿಳಿ ಅಂಗಿ ಹಾಕಿಕೊಂಡು ಎಸ್‌ಟಿ ಬಸ್ ಸ್ಟ್ಯಾಂಡಿನ ಕಡೆ ಹೆಜ್ಜೆ ಹಾಕಿದರೆ ಗಡಹಿಂಗ್ಲಜದ ಜನ ಸುಮ್ಮನೆ ಬಿಡುತ್ತಾರೆಯೇ? ಸುಮ್ಮನೆ ಬಿಡುವ ಜನವಾಗಿದ್ದರೆ ಅವನಿಗೆ ಈ ಕತೆಯೇ ಬೇಕಾಗಿರಲಿಲ್ಲ.

ಅವನ ಅಂಗಡಿಯ ಮುಂದೆ ಒಂದು ಬೆಂಚಿದೆ. ಗಿರಾಕಿಗಳು ಕೂರಲಿ ಎಂದು ಅವನ ಅಪ್ಪ ಹಾಕಿಸಿದ್ದು. ಪಾಪ, ಗಿರಾಕಿಗಳಿಗೆ ಅಲ್ಲಿ ಕೂರುವ ಭಾಗ್ಯ ಇನ್ನೂ ಬಂದಿಲ್ಲ. ಶಟರ್ ಎತ್ತುವ ಮೊದಲೇ ಪಕ್ಕದ ಮನೆಯ ದುಂಡಪ್ಪ ಬಂದು ಕೂತಿರುತ್ತಾನೆ. ನೂಲ ಎಂಬ ಊರಲ್ಲಿ ಕಬ್ಬಿನ ಹೊಲ, ಊರೂರಿನ ಎತ್ತಿನಗಾಡಿ ಓಟದ ಶರ್ಯತ್ತಿನ ಹುಚ್ಚು, ಬಾಯಿಗೆ ಬಿಡುವೆಂಬುದೇ ಇಲ್ಲ. ಎದುರುಗಡೆ ಹಿಟ್ಟಿನ ಗಿರಣಿಯ ಕಾಂಚನ ಹಿಟ್ಟು ಮೆತ್ತಿದ ಕೈ ಒರೆಸಿಕೊಳ್ಳುತ್ತ ಬಂದು ಇನ್ನೊಂದು ತುದಿ ಹಿಡಿಯುತ್ತಾಳೆ. ಹಗ್ಗ ಅಳೆಯುವಾಗ ಹೀಗಲ್ಲ ಹಾಗೆ ಹಿಡಿ, ಗಂಟು ಹೀಗೆ ಹಾಕು, ಉಪ್ಪು ಕಡಿಮೆ ತಿನ್ನು, ತಲೆಗೆ ಬಣ್ಣ ಹಚ್ಚು, ಹಚ್ಚಬೇಡ. ಕೇಡು ಬಯಸುವವರಲ್ಲ, ಕಷ್ಟಕ್ಕೆ ಓಡಿಬರುವವರೇ. ಅದಕ್ಕೇ ಅವರನ್ನು ಎದ್ದು ಹೋಗಿ ಎನ್ನಲು ಬಾಳಗೊಂಡನಿಗೆ ಬಾಯಿ ಬರುತ್ತಿರಲಿಲ್ಲ.

ಹಿಂದೊಮ್ಮೆ ತಾಡಪತ್ರಿಯ ಆರ್ಡರಿಗೆಂದು ವೆಂಗುರ್ಲೆಗೆ ಹೋದಾಗ ಅವನು ಸಮುದ್ರದಲ್ಲಿ ಒಂದು ಬಿಳಿ ಹಾಯಿ ಕಂಡಿದ್ದ. ಅದರ ಬುಡದಲ್ಲಿ ಒಬ್ಬನೇ ಮನುಷ್ಯ ಕೂತಿದ್ದ. ಬಹಳ ಹೊತ್ತು ನೋಡಿದರೂ ಆ ಮನುಷ್ಯನಿಗೆ ಯಾರೂ ಏನೂ ಹೇಳಲಿಲ್ಲ. ಹೇಳಲು ಅಲ್ಲಿ ಯಾರೂ ಇರಲೇ ಇಲ್ಲ. ಬಾಳಗೊಂಡನ ಕೈಯಲ್ಲಿದ್ದ ಚಹಾ ಆರಿ ತಣ್ಣಗಾಯಿತು. ಆಮೇಲೆ ಆರ್ಡರು ಇರಲಿ ಬಿಡಲಿ, ರವಿವಾರವಾದರೆ ಘಟ್ಟ ಇಳಿದು ಹೋಗಿ ಹಾಯಿದೋಣಿ ನಡೆಸಲು ಕಲಿತು ಬಂದ. ಈ ಗುಟ್ಟು ಗೊತ್ತಿದ್ದದ್ದು ಹೆಂಡತಿ ಮಾಣಿಕಬಾಯಿಗೆ ಮಾತ್ರ.

"ಒಂದ್ ಬೋಟ ತಗೋರಿ, ತಿಂಗಳಿಗೊಮ್ಮೆ ಹೋಗಿ ಸುಮ್ಮನ ಕೂತು ಬರ್ರಿ," ಎಂದು ಅವಳೇ ಹೇಳಿದ್ದಳು. "ಮನಿಗೆ ಬಂದ ಮ್ಯಾಲ ನಿಮ್ಮ ಮುಖಾ ನೋಡಾಕರ ಬರ್ತೈತಿ."

ಕೊಲ್ಲಾಪುರದ ಪಕ್ಕದ ಗೋಕುಳ ಶಿರಗಾಂವದಲ್ಲಿ ಫೈಬರಿನ ನೀರಿನ ಟಾಕಿ ಮಾಡುವ ಕೇದಾರ ಎಂಬವನ ಶೆಡ್ಡಿಗೆ, ಎಲ್ಲಿಯೋ ಮುಚ್ಚಿಹೋದ ಕ್ಲಬ್ಬಿನ ಎರಡು ಹಳೆಯ ಹಾಯಿದೋಣಿಗಳು ಬಂದಿದ್ದವು. ದುರಸ್ತಿ ಮಾಡಿ ಮಾರಾಟಕ್ಕೆ ನಿಲ್ಲಿಸಿದ್ದ. ನೀಲಿಯದು ಅಗಲವಾದ ದೋಣಿ, ನಾಲ್ಕು ದಿನ ನಿಧಾನಕ್ಕೆ ಸುತ್ತಾಡಿ ಬರಲು ಮಾಡಿದ್ದು. ಐದು ಹಾಸಿಗೆ, ಗ್ಯಾಸಿನ ಒಲೆ, ಸಂಡಾಸು ಎಲ್ಲ ಒಳಗೇ. ಬಿಳಿಯದೂ ಉದ್ದದಲ್ಲಿ ಹೆಚ್ಚುಕಡಿಮೆ ಅಷ್ಟೇ, ಆದರೆ ಮೈ ಸಪೂರ, ಹಾಯಿಕಂಬ ಎತ್ತರ, ಓಟಕ್ಕೆ ಹೇಳಿ ಮಾಡಿಸಿದ್ದು. ಅದರಲ್ಲಿ ಒಂದೇ ಹಾಸಿಗೆ. ಎರಡನೆಯವರು ಮಲಗಬೇಕೆಂದರೆ ಸಮುದ್ರದಲ್ಲೇ ಮಲಗಬೇಕು. ಫೋಟೋ ನೋಡಿದಾಗಲೇ ಬಾಳಗೊಂಡ ಆ ಒಂದು ಹಾಸಿಗೆಗೆ ಮನಸೋತಿದ್ದ. ಇವತ್ತು ಹೋಗಿ ಕಣ್ಣಾರೆ ನೋಡಿ ಮುಂಗಡದ ವಿಸಾರ ಕೊಟ್ಟು ಬಂದುಬಿಟ್ಟರೆ ಮುಗಿಯಿತು, ಬೆಂಚಿನವರಿಗೆ ಗೊತ್ತಾಗುವಷ್ಟರಲ್ಲಿ ದೋಣಿ ನೀರಿನಲ್ಲಿರುತ್ತದೆ. ಒಳ್ಳೆಯ ಕೆಲಸಕ್ಕೆ ಹೊರಟಿದ್ದಾರೆಂದು ಮಾಣಿಕಬಾಯಿ ಅಂಗಿಗೆ ಇಸ್ತ್ರಿ ಹಾಕಿಕೊಟ್ಟಳು. ಕೆಟ್ಟದ್ದು ಅಲ್ಲೇ.

"ಏನಪಾ, ಈ ವಯಸ್ಸಿನಾಗ ಕನ್ಯಾ ನೋಡಾಕ ಹೊಂಟೀಯೇನು?" ಎಂದ ದುಂಡಪ್ಪ, ಬೆಂಚಿನ ಮೇಲಿಂದ ಏಳದೆ.

ಕೊಲ್ಲಾಪುರಕ್ಕೆ, ಸಣ್ಣ ಕೆಲಸ ಎಂದು ಬಾಳಗೊಂಡ ಗೊಣಗಿದ. ಸಣ್ಣ ಕೆಲಸಕ್ಕೆ ಯಾರೂ ಇಸ್ತ್ರಿ ಅಂಗಿ ಹಾಕುವುದಿಲ್ಲ ಎಂದು ದುಂಡಪ್ಪನಿಗೆ ಗೊತ್ತು. ಯಾವುದೋ ದೊಡ್ಡ ಡಾಕ್ಟರನ್ನು ಕಾಣಲು ಹೊರಟಿದ್ದಾನೆ, ಹೇಳಿಕೊಳ್ಳಲು ಆಗುತ್ತಿಲ್ಲ ಎಂದು ಅವನು ತಾನೇ ಊಹಿಸಿಕೊಂಡ. ಎದ್ದವನೇ ಜೀಪು ತಂದು ನಿಲ್ಲಿಸಿದ. ಅಂಥ ಹೊತ್ತಿನಲ್ಲಿ ಹೆಣ್ಣುಮಗಳೊಬ್ಬಳು ಜೊತೆಗಿದ್ದರೆ ಧೈರ್ಯ ಎಂದು ಕಾಂಚನ ಗಿರಣಿಯನ್ನು ಗಂಡನಿಗೆ ಒಪ್ಪಿಸಿ ಹಿಂದೆ ಹತ್ತಿದಳು. ದಾರಿಯಲ್ಲಿ ದುಂಡಪ್ಪ ಇಚಲಕರಂಜಿಗೂ ಫೋನು ಹಚ್ಚಿದ. ಅಲ್ಲಿ ಮಗ್ಗ ಹಾಕಿಕೊಂಡಿರುವ ಭಾವುಸಾಹೇಬ, ಅಂದರೆ ಮಾಣಿಕಬಾಯಿಯ ತಮ್ಮ, ಅಕ್ಕನ ಗಂಡ ದಾಜಿಗೆ ಏನಾಯಿತೋ ಎಂದು ಗಾಬರಿಯಾಗಿ ಮೋಟಾರ್‌ಸೈಕಲ್ ಏರಿದ.

ಬಾಳಗೊಂಡನ ಮನಸ್ಸು ಹಗುರ ಮಾಡಬೇಕಲ್ಲ, ಇಬ್ಬರೂ ಭಿಶಿಯ ಮಾತು ತೆಗೆದರು. ಬೆಂಚಿನವರು ತಿಂಗಳಿಗಿಷ್ಟು ಎಂದು ಚೀಟಿಯ ಹಾಗೆ ಭಿಶಿ ಕಟ್ಟಿ ವರ್ಷಕ್ಕೊಂದು ಪ್ರವಾಸ ಹೋಗುವ ಪದ್ಧತಿ. ಈ ಸಲ ಎಲ್ಲಿಗೆಂದು ಇನ್ನೂ ತೀರ್ಮಾನವಾಗಿರಲಿಲ್ಲ. ಕಾಂಚನ ಗೋವೆ ಎಂದಳು, ದುಂಡಪ್ಪ ಬೇಡವೆಂದ. ಆ ಜಗಳ ಸಂಕೇಶ್ವರ ದಾಟಿ ನಿಪ್ಪಾಣಿ ಬಂದರೂ ಮುಗಿಯಲಿಲ್ಲ. ಅಷ್ಟರಲ್ಲಿ ಬಾಳಗೊಂಡನ ಫೋನು ಬಡಿದುಕೊಂಡಿತು. ಡಾಕ್ಟರದೇ ಇರಬೇಕೆಂದು ಕಾಂಚನ ಹಿಂದಿನಿಂದ ಕೈಹಾಕಿ ಕಿತ್ತುಕೊಂಡು ಸ್ಪೀಕರ್ ಒತ್ತಿದಳು.

"ಶೇಟ, ದೋನ್ಹಿ ಬೋಟಿ ಬಾಹೇರ ಕಾಢೂನ ಠೇವಲ್ಯಾತ. ಯಾ ಲವಕರ," ಎಂದ ಕೇದಾರ ಮರಾಠಿಯಲ್ಲಿ. ಎರಡೂ ಬೋಟು ಹೊರಗೆ ತೆಗೆದಿಟ್ಟಿದ್ದಾನಂತೆ, ಬೇಗ ಬರಬೇಕಂತೆ.

ದುಂಡಪ್ಪ ಗಾಡಿ ಬದಿಗೆ ನಿಲ್ಲಿಸಿದ.

"ಬೋಟ ಯಾಕೋ ನಿನಗ?"

ಬಾಳಗೊಂಡ ನಿಜ ಹೇಳಬೇಕಿತ್ತು. ನಿಮ್ಮಿಂದ ತಪ್ಪಿಸಿಕೊಳ್ಳಲಿಕ್ಕೆ ಎನ್ನಬೇಕಿತ್ತು. ಆದರೆ ಅವನ ಕಾಯಿಲೆಯ ಚಿಂತೆಯಲ್ಲಿ ಕೆಲಸ ಬಿಟ್ಟು ಬಂದ ಆ ಎರಡು ಮುಖ ನೋಡಿ ನಾಲಿಗೆ ಹೊರಳಲಿಲ್ಲ. ದುಂಡಪ್ಪನಿಗೆ ಒಪ್ಪಿಗೆಯಾಗುವ ಕಾರಣ ಯಾವುದು ಎಂದು ಹುಡುಕಿದ. ಒಂದೇ ಹೊಳೆಯಿತು.

"ಶರ್ಯತ್ತಿಗ್ರಿ," ಎಂದ. "ಸಮುದ್ರದಾಗೂ ಶರ್ಯತ್ತು ಇರ್ತಾವು. ಹಾಯಿ ಬೋಟಿನವು."

ದುಂಡಪ್ಪನ ಮುಖ ಅರಳಿತು. ಇಷ್ಟು ವರ್ಷ ಪಕ್ಕದಲ್ಲೇ ಇಟ್ಟುಕೊಂಡು ಈ ಮನುಷ್ಯ ನಮ್ಮವನೇ ಎಂದು ಗೊತ್ತಾಗಲಿಲ್ಲವಲ್ಲ ಎಂದು ಮರುಗಿದ. ಆಮೇಲೆ ಗೋಕುಳ ಶಿರಗಾಂವದವರೆಗೂ ಜೀಪು ನೆಲದ ಮೇಲೆ ಓಡಲಿಲ್ಲ.

ಕೇದಾರನ ಅಂಗಳದಲ್ಲಿ ಎರಡೂ ದೋಣಿ ತಮ್ಮ ತಮ್ಮ ಟ್ರಾಲಿಯ ಮೇಲೆ ಕಂಬ ಎತ್ತಿಕೊಂಡು ನಿಂತಿದ್ದವು. ಕಾಂಚನ ನೀಲಿ ದೋಣಿ ಹತ್ತಿ ಒಳಗಿಳಿದವಳು ಹೊರಗೆ ಬರಲೇ ಇಲ್ಲ. ಒಳಗಿನಿಂದ ಒಂದೊಂದೇ ಸುದ್ದಿ ಬರುತ್ತಿತ್ತು: ಒಲೆ ಇದೆಯಂತೆ, ಕಪಾಟಿದೆಯಂತೆ, ತಮ್ಮ ಮನೆಯದಕ್ಕಿಂತ ಸಂಡಾಸು ಚೊಕ್ಕ ಇದೆಯಂತೆ. ಇದನ್ನೇ ತಗೊಂಡರೆ ಎಲ್ಲರೂ ಕೂಡಿ ಹೋಗಬಹುದಲ್ಲ ಎಂದಳು. ಬಾಳಗೊಂಡ ಬಿಳಿ ದೋಣಿಗೆ ಒತ್ತಿ ನಿಂತ.

ಅವನನ್ನು ಕಾಪಾಡಿದವನು ದುಂಡಪ್ಪ. ಎತ್ತು ಕೊಳ್ಳುವವನ ಹಾಗೆ ಎರಡೂ ದೋಣಿಗಳನ್ನು ಸುತ್ತು ಹಾಕಿದ. ಪಕ್ಕೆ ತಟ್ಟಿದ, ಬೆನ್ನು ಸವರಿದ, ಹಿಂದೆ ನಿಂತು ಒಂದು ಕಣ್ಣು ಮುಚ್ಚಿ ನೋಡಿದ.

"ಈ ನೀಲೀದು ಹಾಲ ಕೊಡೋ ಎಮ್ಮಿ. ಸಂಸಾರಕ್ಕ ಭೇಷ," ಎಂದು ತೀರ್ಪು ಕೊಟ್ಟ. "ಬಿಳೀದರ ಹೊಟ್ಟಿ ನೋಡು, ಹೆಂಗ ಒಳಗ ಹೋಗೇತಿ. ಓಡೋ ಜಾತಿ ಇದು. ಶರ್ಯತ್ತಿಗೆ ಇದ ಆಗಬೇಕು."

ಜನ್ಮದಲ್ಲಿ ಮೊದಲ ಸಲ ದುಂಡಪ್ಪನ ಸಲಹೆ ಕೇಳಿ ಬಾಳಗೊಂಡನ ಕಣ್ಣಲ್ಲಿ ನೀರು ಬಂತು. ಇನ್ನೇನು, ಹಾಸಿಗೆಯೊಂದನ್ನು ನೋಡಿಬಿಡೋಣ ಎಂದು ಏಣಿ ಹತ್ತಿ ಬಿಳಿ ದೋಣಿಯ ಒಳಗಿಳಿದ. ಸಣ್ಣ ಗೂಡಿನಂಥ ಜಾಗ. ಅಂಗಾತ ಮಲಗಿದ. ಹೊರಗಿನ ಮಾತು ದೂರವಾಯಿತು. ಕಣ್ಣು ಮುಚ್ಚಿದ.

ಅಷ್ಟರಲ್ಲಿ ಭಾವುಸಾಹೇಬ ಬಂದ. ದಾಜಿ ಗಟ್ಟಿಯಾಗಿದ್ದಾನೆಂದು ತಿಳಿದು ಸಮಾಧಾನಪಟ್ಟು, ಬಟ್ಟೆಯ ವಿಷಯ ತನಗೆ ಬಿಡಿ ಎಂದ. ಬಿಳಿ ದೋಣಿಯ ಹಾಯಿಯಿಂದ ಒಂದು ಎಳೆ ಜಗ್ಗಿ ಕಡ್ಡಿ ಗೀರಿ ಸುಟ್ಟು ಮೂಸಿದ. ಪಾಲಿಸ್ಟರ್, ಪಂಚೆಗೆ ಬಾರದಿದ್ದರೂ ಗಾಳಿಗೆ ತಾಳುತ್ತದೆ. ಆದರೆ ಇಚಲಕರಂಜಿಯವರು ಥಾನು ಪೂರ್ತಿ ಬಿಚ್ಚಿ ಹರವದೆ ಅರಿವೆ ಕೊಂಡದ್ದುಂಟೇ? ಒಳಗೆ ಎಲ್ಲಿ ತೂತಿದೆಯೋ ಎಂದು ಹಟ ಹಿಡಿದು ಕೇದಾರನ ಕೈಯಿಂದ ಹಾಯಿಯನ್ನು ಕಂಬದ ತುದಿಯವರೆಗೂ ಏರಿಸಿದ. ಅದೇ ಹೊತ್ತಿಗೆ ಇನ್ನೊಂದು ಬದಿಯಲ್ಲಿ ದುಂಡಪ್ಪ ಟ್ರಾಲಿಯ ಚಕ್ರಕ್ಕೆ ಕೊಟ್ಟಿದ್ದ ಕಲ್ಲು ತೆಗೆಯುತ್ತಿದ್ದ. ನಾಲ್ಕು ಹೆಜ್ಜೆ ನಡೆಸಿ ನೋಡದೆ ಎತ್ತು ಕೊಳ್ಳುವ ಪದ್ಧತಿ ಅವನ ಮನೆತನದಲ್ಲೇ ಇಲ್ಲ. ಒಬ್ಬ ಮಾಡಿದ್ದು ಇನ್ನೊಬ್ಬನಿಗೆ ಕಾಣಲಿಲ್ಲ. ಬೇಸಗೆಯ ಜೋರು ಗಾಳಿ ಮಾತ್ರ ಎರಡನ್ನೂ ನೋಡಿತು.

ದೋಣಿ ಮೆಲ್ಲಗೆ ತೂಗಿದಾಗ ಬಾಳಗೊಂಡ, ಆಹಾ, ಥೇಟ ಸಮುದ್ರದ ಹಾಗೇ ಇದೆ ಎಂದುಕೊಂಡ. ತೂಗುವುದು ಹೆಚ್ಚಾದಾಗ ಎದ್ದು ತಲೆ ಹೊರಗೆ ಹಾಕಿದ. ಕೇದಾರನ ಗೇಟು ಹಿಂದಕ್ಕೆ ಹೋಗುತ್ತಿತ್ತು. ಎಮ್‌ಐಡಿಸಿಯ ಕಾರ್ಖಾನೆಗಳ ನಡುವಿನ ಇಳಿಜಾರು ರಸ್ತೆಯಲ್ಲಿ ದೋಣಿ ಟ್ರಾಲಿ ಸಮೇತ ಹೊರಟಿತ್ತು. ಹಿಂದೆ ಕೇದಾರ ಕರೆಂಟಿನ ತಂತಿ, ತಂತಿ ಎಂದು ಕೂಗುತ್ತ ಓಡಿಬರುತ್ತಿದ್ದ. ಬಾಳಗೊಂಡ ಹೋಗಿ ಚುಕ್ಕಾಣಿ ಹಿಡಿದ. ನೀರಿಲ್ಲದ ಮೇಲೆ ಚುಕ್ಕಾಣಿ ಏನು ಮಾಡೀತು? ಆದರೂ ಹಿಡಿದುಕೊಂಡು ಕೂತ. ಹಾಯಿ ಹೊಟ್ಟೆ ತುಂಬಿಕೊಂಡು ನಿಂತಿತ್ತು. ಗಾಳಿಯ ಸದ್ದಿನಲ್ಲಿ ಹಿಂದಿನವರ ಒಂದು ಮಾತೂ ಕೇಳುತ್ತಿರಲಿಲ್ಲ. ಹೀಗಲ್ಲ ಹಾಗೆ ಹಿಡಿ ಎನ್ನುವವರಿಲ್ಲ. ಅವನು ಎಂದೂ ಅಷ್ಟು ಸುಖವಾಗಿರಲಿಲ್ಲ.

ರಸ್ತೆ ತಿರುಗಿತು, ದೋಣಿ ತಿರುಗಲಿಲ್ಲ. ತಂತಿಗೆ ಇನ್ನೂ ದೂರವಿರುವಾಗಲೇ ಫೌಂಡ್ರಿಯವರು ಸುರಿದಿದ್ದ ಕರಿ ಮರಳಿನ ಗುಡ್ಡೆಗೆ ಮೂಗು ತೂರಿಸಿ ನಿಂತಿತು. ದೋಣಿಗೆ ಒಂದು ಗೀರೂ ಬೀಳಲಿಲ್ಲ. ಬಾಳಗೊಂಡ ಮಾತ್ರ ಹಾರಿ ಮರಳಿಗೆ ಬಿದ್ದ. ಎದ್ದಾಗ ಹಲ್ಲುಗಳನ್ನು ಬಿಟ್ಟರೆ ಉಳಿದದ್ದೆಲ್ಲ ಕಪ್ಪಾಗಿತ್ತು. ಇಸ್ತ್ರಿ ಅಂಗಿಯ ಕತೆ ಅಲ್ಲಿಗೆ ಮುಗಿಯಿತು.

ಏದುಸಿರು ಬಿಡುತ್ತ ಬಂದ ದುಂಡಪ್ಪ ಬೈಯಲಿಲ್ಲ, ಬುದ್ಧಿ ಹೇಳಲಿಲ್ಲ. ದೋಣಿಯನ್ನೇ ನೋಡುತ್ತ ನಿಂತ.

"ಎತ್ತಿಲ್ಲ, ಎಂಜಿನ್ನಿಲ್ಲ," ಎಂದ ಕಡೆಗೆ. "ಇಂಥಾ ಓಟ ನಾ ಕಂಡಿದ್ದಿಲ್ಲಪಾ."

ಬಾಳಗೊಂಡ ಅಲ್ಲೇ, ಮರಳಿನ ಮೇಲೆ ನಿಂತೇ, ಕೇದಾರನ ಕೈಗೆ ವಿಸಾರ ಹಾಕಿದ. ಬಿಳಿ ದೋಣಿ ಅವನದಾಯಿತು. ಎರಡು ದಿನದಲ್ಲಿ ವೆಂಗುರ್ಲೆಗೆ ಇಳಿಸಿಕೊಡುವುದೆಂದು ಮಾತಾಯಿತು. ಊರಿಗೆ ಹೊರಡೋಣವೆಂದರೆ ದುಂಡಪ್ಪ ತನಗೆ ಇಲ್ಲೇ ಸ್ವಲ್ಪ ಕೆಲಸವಿದೆ, ನೀನು ಎಸ್‌ಟಿ ಹಿಡಿದುಬಿಡು ಎಂದ. ಕಾಂಚನ, ಭಾವುಸಾಹೇಬರೂ ಹಿಂದೆ ಉಳಿದರು. ಕರಿ ಮರಳು ಮೆತ್ತಿದವನ ಪಕ್ಕ ಬಸ್ಸಿನಲ್ಲಿ ಯಾರೂ ಕೂರಲಿಲ್ಲ. ಗಡಹಿಂಗ್ಲಜದವರೆಗೂ ಎರಡು ಸೀಟು ಅವನೊಬ್ಬನಿಗೇ. ಕಿಟಕಿಯಾಚೆಯ ಕಬ್ಬು ಗಾಳಿಗೆ ಹೊಯ್ದಾಡುವುದನ್ನು ನೋಡುತ್ತ, ಅದೇ ಸಮುದ್ರವೆಂದುಕೊಂಡು ಬಂದ.

ಮಾಣಿಕಬಾಯಿ ಅವನ ಅವತಾರ ನೋಡಿ ಮೊದಲು ಹೌಹಾರಿ ಆಮೇಲೆ ನಕ್ಕಳು. ಸ್ನಾನ ಮಾಡಿ, ಹೊತ್ತು ಮುಳುಗುವುದರೊಳಗೆ ಊಟ ಮುಗಿಸಿ ಅಂಗಡಿಗೆ ಬಂದು ಕೂತ. ಬೆಂಚು ಖಾಲಿಯಿತ್ತು. ಒಂದು ಸಂಜೆಯಾದರೂ ಇದು ಖಾಲಿಯಿದ್ದದ್ದು ಅವನ ನೆನಪಿನಲ್ಲಿರಲಿಲ್ಲ. ಎಷ್ಟು ಚೆಂದ ಕಾಣುತ್ತಿದೆ ಎಂದುಕೊಳ್ಳುವಷ್ಟರಲ್ಲಿ ಓಣಿಯ ತಿರುವಿನಲ್ಲಿ ಹಾರ್ನು ಕೇಳಿಸಿತು.

ದುಂಡಪ್ಪನ ಜೀಪು ಬಂತು. ಅದರ ಹಿಂದೆ, ಕಂಬ ಮಲಗಿಸಿಕೊಂಡು, ಮೂತಿಗೆ ಚೆಂಡುಹೂವಿನ ಹಾರ ಹಾಕಿಕೊಂಡು ನೀಲಿ ದೋಣಿ ಬಂತು. ದೋಣಿಯೊಳಗಿನಿಂದ ಕಾಂಚನ ಕೈಬೀಸುತ್ತಿದ್ದಳು. ಭಾವುಸಾಹೇಬ ಮೋಟಾರ್‌ಸೈಕಲ್ ಮೇಲೆ ಪಕ್ಕದಲ್ಲೇ ಬರುತ್ತಿದ್ದ, ಶರ್ಯತ್ತಿನ ಗಾಡಿಯ ಬದಿಗೆ ಹುರಿದುಂಬಿಸಲು ಬರುತ್ತಾರಲ್ಲ, ಹಾಗೆ.

"ಈ ಸಲದ ಭಿಶಿ ಎತ್ತಿ ಇದಕ್ಕ ಹಾಕಿದ್ವಿ," ಎಂದ ದುಂಡಪ್ಪ, ಬೆಂಚಿನ ಮೇಲೆ ತನ್ನ ಜಾಗದಲ್ಲಿ ಕೂತು. "ನೀ ಒಬ್ಬನ ಬೋಟ ತಗೊಂಡ ಏನ್ ಮಾಡಾಂವ? ಒಂದ ಗಾಡಿ ಓಡಿದ್ರ ಶರ್ಯತ್ತು ಅಂತಾರೇನು? ಎದುರಿಗೆ ಜೋಡಿ ಬೇಕೋ ಬ್ಯಾಡೋ? ನಿನ್ನ ಆಸೆ ಹಂಗ ಬಿಡಾಕ ಮನಸ್ಸು ಬರಲಿಲ್ಲ."

ಬಾಳಗೊಂಡ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ಸಂತೋಷಕ್ಕೆ ಹೀಗಾಗಿದೆ ಎಂದು ದುಂಡಪ್ಪ ಅವನ ಬೆನ್ನು ಸವರಿದ. ದೋಣಿ ನಡೆಸಲು ವೆಂಗುರ್ಲೆಯ ಒಬ್ಬ ಅನುಭವಸ್ಥನನ್ನು ಕೇದಾರ ಗೊತ್ತು ಮಾಡಿಕೊಟ್ಟಿದ್ದನಂತೆ. ಅವನು ಮೇಲೆಯೇ ಕೂರುತ್ತಾನೆ, ಹಾಸಿಗೆ ಬೇಡವಂತೆ. ದುಂಡಪ್ಪ, ಕಾಂಚನ, ಅವಳ ಗಂಡ, ಭಾವುಸಾಹೇಬ ಎಂದು ನಾಲ್ಕು ಹಾಸಿಗೆ ಹಂಚಿಯೂ ಆಗಿತ್ತು.

"ಐದನೇದು ನಿಮಗ ಇಟ್ಟೀವ್ರಿ, ವೈನಿ," ಎಂದಳು ಕಾಂಚನ, ಗದ್ದಲ ಕೇಳಿ ಹೊರಗೆ ಬಂದ ಮಾಣಿಕಬಾಯಿಗೆ. "ಗ್ಯಾಸ ಐತಿ, ಕುಡಿಯೋ ನೀರಿನ ಟಾಕಿ ಐತಿ."

ಮಾಣಿಕಬಾಯಿ ಗಂಡನ ಕಡೆ ನೋಡಿದಳು. ಆಮೇಲೆ ದೋಣಿಯ ಕಡೆ ನೋಡಿದಳು. ಮದುವೆಯಾದಾಗಿನಿಂದ ಅವಳನ್ನು ಸಮುದ್ರಕ್ಕೆ ಯಾರೂ ಕರೆದಿರಲಿಲ್ಲ. ಗಂಡನ ಹತ್ತಿರ ಬಂದು ದನಿ ತಗ್ಗಿಸಿ ಹೇಳಿದಳು: "ಸಿಟ್ಟಾಗಬ್ಯಾಡ್ರಿ. ನಿಮ್ಮ ಬೋಟನ್ಯಾಗ ನೀವು ಒಬ್ಬರ ಇರ್ತೀರಲ್ಲ. ನಾ ಆ ಕಡಿಂದ ನೋಡ್ಕೋಂತ ಇರ್ತೇನಿ."

ಅದೂ ನಿಜ ಎನಿಸಿತು ಬಾಳಗೊಂಡನಿಗೆ. ಸಮುದ್ರವೇನು ಸಣ್ಣದೇ? ಬಿಳಿಯದು ಓಡುವ ದೋಣಿ, ನೀಲಿಯದು ಎಮ್ಮೆ. ಅರ್ಧ ಗಳಿಗೆಯಲ್ಲಿ ಇವರು ಕಣ್ಣಿಗೂ ಬೀಳುವುದಿಲ್ಲ. ಅವನ ಮುಖಕ್ಕೆ ಸ್ವಲ್ಪ ರಕ್ತ ಬಂತು.

"ಒಂದು ಗಟ್ಟಿ ಹಗ್ಗ ಕೊಡು," ಎಂದ ಆಗ ದುಂಡಪ್ಪ. "ನಿನ್ನ ಬೋಟಿಗೆ ನಮ್ಮದು ಬಿಗಿಯೋದು. ಸಮುದ್ರದಾಗ ನೀ ಒಬ್ಬಾವ ಎಲ್ಲಿಯರ ತಪ್ಪಿಸ್ಕೊಂಡ್ರ ಏನ್ ಗತಿ? ಶರ್ಯತ್ತು ಸುರುವಾಗೋವಾಗ ಬಿಚ್ಚಿದ್ರ ಆತು."

ಬಾಳಗೊಂಡ ಒಳಗೆ ಹೋದ. ಅಂಗಡಿಯಲ್ಲಿದ್ದ ಎಲ್ಲಕ್ಕಿಂತ ಉದ್ದನೆಯ ನೈಲಾನ್ ಹಗ್ಗದ ಸುರುಳಿಯನ್ನು ಎರಡೂ ಕೈಯಿಂದ ಎತ್ತಿಕೊಂಡು ಬಂದು ದುಂಡಪ್ಪನ ಮುಂದೆ ಇಟ್ಟ. ಇದಕ್ಕೆ ಏನೂ ಕೊಡಬೇಡಿ ಎಂದ.

ದುಂಡಪ್ಪ ತುದಿ ಹಿಡಿದು ಜಗ್ಗಿ ಗಟ್ಟಿ ನೋಡಿದ. ಸುರುಳಿಯ ಮೇಲೆ ಕಣ್ಣಾಡಿಸಿದ. ಬೇಡವೆಂದು ತಲೆಯಾಡಿಸಿದ.

"ಇಷ್ಟುದ್ದ ಯಾಕ? ಗಿಡ್ಡ ಮಾಡು. ಇತ್ಲಾಗಿಂದ ನಾ ಹೇಳಿದ್ದು ಅತ್ಲಾಗ ನಿನಗ ಕೇಳಬೇಕಲ್ಲ."

ಬಾಳಗೊಂಡ ಚಾಕು ತೆಗೆದುಕೊಂಡ. ಹಗ್ಗ ಅಳೆಯತೊಡಗಿದ.

"ಹಂಗಲ್ಲ," ಎಂದ ದುಂಡಪ್ಪ, "ಹಿಂಗ ಹಿಡಿ."