ಬೂಷ್ಟು ತಿನ್ನುವ ನುಸಿ, ನನ್ನ ಹೊಟ್ಟೆಪಾಡು

ನುಸಿ ಹುಟ್ಟುವುದಕ್ಕೆ ಒಂದು ಒದ್ದೆ ಜಾಗವಾದರೂ ಬೇಕು. ನನಗೆ ಫಜೀತಿ ಹುಟ್ಟುವುದಕ್ಕೆ ಅದೂ ಬೇಡ, ಯಾರದಾದರೂ ಮನೆಯ ಬೆಲ್ ಒತ್ತಿದರಾಯಿತು.

೨೦೧೭ರಲ್ಲಿ, ಹಿಮ ಬೀಳುವ ಪರದೇಶದ ವಾನ್ ಎಂಬ ಊರಿನ ಒಂದು ಪೆಸ್ಟ್ ಕಂಟ್ರೋಲ್ ಕಂಪನಿ ಸೇರಿದ್ದೆ. ಧಾರವಾಡ ಬಿಟ್ಟು ಬಂದ ಮೇಲೆ ಸಿಕ್ಕ ಮೊದಲ ನೆಟ್ಟಗಿನ ಕೆಲಸ. ಆ ಚಳಿಗಾಲದಲ್ಲಿ ಎಲ್ಲಿ ಹೋದರೂ ಒಂದೇ ದೂರು: ಎಳ್ಳಿಗಿಂತ ಸಣ್ಣ ನುಸಿ. ಇದರ ದಾಯಾದಿಗಳು ಗಿಡದ ಎಲೆಯ ಮೇಲೆ ಗಂಟು ಎಬ್ಬಿಸುತ್ತವಂತೆ. ಇದು ಮಾತ್ರ ಬೂಷ್ಟು ತಿಂದುಕೊಂಡು ಮನೆಯೊಳಗೇ ಸಂಸಾರ ಹೂಡುತ್ತದೆ. ಕಚ್ಚುವುದಿಲ್ಲ, ಬರೀ ತಲೆ ತಿನ್ನುತ್ತದೆ. ಔಷಧಿ ಹೊಡೆದು ಉಪಯೋಗವಿಲ್ಲ. ಬೂಷ್ಟು ಬೆಳೆದ ಒದ್ದೆ ಜಾಗ ಹುಡುಕಿ ಒಣಗಿಸಬೇಕು.

ನಾನಿನ್ನೂ ಪ್ರೊಬೇಷನ್‌ನಲ್ಲಿದ್ದೆ. "ಒಂದೇ ಮನೆಯಿಂದ ಮತ್ತೆ ಮತ್ತೆ ಫೋನ್ ಬಂದರೆ ನೀನು ಪರ್ಮನೆಂಟ್ ಆಗೋದನ್ನು ಮರೆತುಬಿಡು" ಎಂದು ಪಂಜಾಬಿ ಬಾಸ್ ಮೊದಲೇ ಹೇಳಿದ್ದರು.

ಓಡಾಡುವ ಚುಕ್ಕಿ

ಮೆಡೋವೇಲ್‌ನ ಒಂದು ಸಾಫ್ಟ್‌ವೇರ್ ಆಫೀಸು. ಬೆಂಗಳೂರಿನ ಇಂಜಿನಿಯರ್ ಒಬ್ಬರು ತಮ್ಮ ಗೋಳು ಹೇಳಿಕೊಂಡರು. "ಸ್ಕ್ರೀನಲ್ಲಿ ಕಪ್ಪು ಚುಕ್ಕಿ ಬಂದಿದೆ ಅಂತ ಐಟಿಯವರಿಗೆ ಕಂಪ್ಲೇಂಟ್ ಟಿಕೆಟ್ ಹಾಕ್ದೆ. ಮಾನಿಟರ್ ಚೇಂಜ್ ಮಾಡಿದ್ರು. ಹೊಸದ್ರಲ್ಲೂ ಬಂತು. ಆಮೇಲೆ ನೋಡಿದ್ರೆ ಚುಕ್ಕಿ ನಡ್ಕೊಂಡು ಕೀಬೋರ್ಡಿಗೆ ಇಳೀತಿದೆ!"

ಪಕ್ಕದಲ್ಲೇ ಒಂದು ಹೂಕುಂಡ. ಸಂಜೆ ಮನೆಗೆ ಹೊರಡುವಾಗ ಇಡೀ ಟೀಮು ಉಳಿದ ನೀರು, ಟೀ ಎಲ್ಲ ಅದಕ್ಕೇ ಸುರಿಯುತ್ತಿತ್ತು. ಮಣ್ಣಿನ ಮೇಲೆ ಬೂಷ್ಟು ಬೆಳ್ಳಗೆ ಹರಡಿಕೊಂಡಿತ್ತು. ಕುಂಡ ಎತ್ತಿಸಬೇಕು ಎಂದೆ. ಅವರು ದನಿ ತಗ್ಗಿಸಿದರು.

"ಎತ್ಕೊಂಡು ಹೋಗಿ. ಆದ್ರೆ ನುಸಿ ಅಂತ ಐಟಿಯವರ ಹತ್ರ ಮಾತ್ರ ಹೇಳ್ಬೇಡಿ. ಹೊಸ ಮಾನಿಟರ್ ತುಂಬಾ ದೊಡ್ಡದು."

ಜಾಕೆಟ್ ತೊಟ್ಟ ಪಾತ್ರೆ

ಸ್ಕಾರ್‌ಬರೋದ ಬೇಸ್‌ಮೆಂಟು. ಹುಬ್ಬಳ್ಳಿ ಕಡೆಯ ಕಾಲೇಜು ಹುಡುಗರು. ಗೋಡೆಯೊಳಗಿನ ಬಟ್ಟೆ ಬೀರು, ಅಂದರೆ ಕ್ಲಾಸೆಟ್ ತೆರೆದರೆ, ದಪ್ಪ ಚಳಿ ಜಾಕೆಟ್ ತೊಟ್ಟು, ಜಿಪ್ಪು ಏರಿಸಿಕೊಂಡು ಯಾರೋ ಮುದುರಿ ಕೂತಂತಿತ್ತು. ಬೆಚ್ಚಿಬಿದ್ದೆ. ಒಳಗಿದ್ದದ್ದು ಹುಳಿ ಬರಲೆಂದು ಬೆಚ್ಚಗಿಟ್ಟ ದೋಸೆ ಹಿಟ್ಟಿನ ಪಾತ್ರೆ.

ಒಬ್ಬ ಅಡ್ಡ ಬಂದು ನಿಂತ. "ಅಣ್ಣಾ, ಹಿಟ್ಟಿಗೇನೂ ಮಾಡಬ್ಯಾಡ್ರಿ. ನಾಳೆ ದ್ವಾಶಿ ಐತಿ."

ಹಿಟ್ಟಿನದೇನೂ ತಪ್ಪಿರಲಿಲ್ಲ. ಹಿಮ ಮೆತ್ತಿದ ಬೂಟುಗಳನ್ನು ರಟ್ಟಿನ ಮೇಲೆ ಬಿಟ್ಟಿದ್ದರು, ರಟ್ಟು ನೆನೆದು ಬೂಷ್ಟು ಹಿಡಿದಿತ್ತು. ಅದನ್ನು ಎಸೆದು ಕೇಳಿದೆ, "ಇರೋ ಒಂದು ಛಲೋ ಜಾಕೆಟ್ ಹಿಟ್ಟಿಗೆ ತೊಡಿಸೀರಿ. ನಿಮಗ ಥಂಡಿ ಆಗಂಗಿಲ್ಲೇನ್ರೋ?"

"ನಾವು ಬಸ್ಸಿನ ಹಿಂದ ಓಡಿ ಬೆಚ್ಚಗ ಆಗ್ತೀವಿ ಅಣ್ಣಾ. ಹಿಟ್ಟಿಗೆ ಓಡಾಕ ಬರಂಗಿಲ್ಲಲ್ರಿ."

ಬೆಳಗಾವಿಯ ಅಜ್ಜಿ

ವಾನ್‌ನಲ್ಲೇ ಒಂದು ಹೊಸ ಮನೆ. ಬೆಳಗಾವಿಯ ಕುಟುಂಬ, ಮಗನ ಮನೆಗೆಂದು ಅಜ್ಜಿ ಬಂದಿದ್ದರು. ಮೊದಲ ಸಲ ಹೋದಾಗ ತುಳಸಿ ಕುಂಡ ಕೆಸರಾಗಿತ್ತು. ದಿನಾ ಅಜ್ಜಿ ಒಂದು ತಂಬಿಗೆ ನೀರು ಸುರಿದರೆ, ಗಿಡ ಒಣಗಿದರೆ ಅತ್ತೆ ಬೈದಾರೆಂದು ಸೊಸೆ ಇನ್ನೊಂದು. ದಿನಕ್ಕೆ ಒಂದೇ ಚಮಚ ನೀರು ಹಾಕಿ ಎಂದು ಹೇಳಿ, ಗೆದ್ದೆನೆಂದುಕೊಂಡು ಬಂದೆ.

ಆದರೆ ಫೋನ್ ಮತ್ತೆ ಬಂತು. ಇನ್ನೊಮ್ಮೆ ಹೋದೆ, ಕುಂಡ ಒಣಗಿತ್ತು, ನುಸಿ ಹಾಗೇ ಇತ್ತು. ಫೋನ್ ಮತ್ತೂ ಬಂತು. "ಇವತ್ತು ಮೂಲ ಸಿಗದಿದ್ದರೆ ನಾಳೆ ಯೂನಿಫಾರ್ಮ್ ವಾಪಸ್ ಕೊಡು" ಎಂದರು ಬಾಸ್. ಮೂರನೇ ಸಲ ಹೋದೆ.

ಟಾರ್ಚು ಹಿಡಿದು ಮನೆಯೆಲ್ಲ ಅಂಬೆಗಾಲಿಟ್ಟೆ. ಹಾಲ್‌ನ ಕಿಟಕಿಯ ಪರದೆಯ ಹಿಂದೆ ಕಾರ್ಪೆಟ್ಟು ಪಿಚಕ್ಕೆಂದಿತು. ಎತ್ತಿದರೆ ಕರೀ ಬೂಷ್ಟು, ಅದರ ತುಂಬ ನುಸಿ! ಬದುಕಿದೆ ಅನ್ನಿಸಿತು.

"ಅಜ್ಜೀ, ಇಲ್ಲಿ ನೀರು ಯಾರು ಹಾಕಿದ್ರು?"

"ನಾನ. ಮುಂಜಾನೆ ಸೂರ್ಯನಾರಾಯಣಗ ನೀರು ಬಿಡತೀನಪಾ. ಕಿಡಕಿ ತಗದ್ರ ಥಂಡಿ ಬರತೈತಿ ಅಂತ ಸೊಸಿ ಬೈತಾಳ. ಅದಕ್ಕ ನಮಸ್ಕಾರ ಹೊರಗ, ನೀರು ಒಳಗ."

ಖುಷಿಯಲ್ಲಿ ಅಲ್ಲಿಂದಲೇ ಬಾಸ್‌ಗೆ ಫೋನ್ ಮಾಡಿದೆ. "ಮೂಲ ಸಿಕ್ಕಿತು ಸರ್! ಹಾಲ್‌ನ ಕಿಟಕಿ ಕೆಳಗೆ, ಒಂದೇ ಜಾಗ. ಇನ್ನು ಈ ಮನೆಯಿಂದ ಫೋನ್ ಬರೋದಿಲ್ಲ."

"ಶಾಬಾಶ್! ನಾಳೆ ಬಾ, ಪರ್ಮನೆಂಟ್ ಮಾಡ್ತೀನಿ."

ಅಷ್ಟರಲ್ಲಿ ಅಜ್ಜಿ ನನ್ನ ತೋಳು ಜಗ್ಗಿದರು.

"ಒಂದ ಅಲ್ಲೋ ತಮ್ಮಾ. ಈ ಊರಾಗ ದಿನಾ ಮೋಡ. ಸೂರ್ಯ ಯಾವ ಕಡೆ ಅದಾನಂತ ತಿಳೀಲಿಲ್ಲ, ಎಲ್ಲಾ ಕಿಡಕಿಗೂ ಬಿಟ್ಟೀನಿ."